ಹೊಸ ಇಂಜಿನ್ನು, ಆರನೇ ಜಾಗ

ಮುಂದಾಲೋಚನೆ ಇಲ್ಲದೆ ನಾನು ಜೀವನದಲ್ಲಿ ಒಂದು ಕೆಲಸವನ್ನೂ ಕೆಡಿಸಿದವನಲ್ಲ. ಇದನ್ನು ನನ್ನ ಹೆಂಡತಿ ರತ್ನ ಕೂಡ ಒಪ್ಪುತ್ತಾಳೆ. ಮಳೆ ಬರಬಹುದೆಂದು ಛತ್ರಿ ಹಿಡಿಯುತ್ತೇನೆ; ಛತ್ರಿ ಗಾಳಿಗೆ ಮಗುಚಬಹುದೆಂದು ರೇನ್‌ಕೋಟು ತೊಡುತ್ತೇನೆ; ರೇನ್‌ಕೋಟಿನ ಗುಂಡಿ ಕಿತ್ತು ಹೋಗಬಹುದೆಂದು ಜೇಬಿನಲ್ಲಿ ಎರಡು ಪಿನ್ನು ಇಟ್ಟುಕೊಳ್ಳುತ್ತೇನೆ. ಆ ಪಿನ್ನು ತೊಡೆಗೆ ಚುಚ್ಚಿ ಒಮ್ಮೆ ಆಸ್ಪತ್ರೆಗೆ ಹೋಗಬೇಕಾಯಿತು. ಅದು ಬೇರೆ ವಿಷಯ!

ಕೋತಗಿರಿ ಪೇಟೆಯಲ್ಲಿ ನನ್ನದೊಂದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇದೆ. ಗುಂಡ್ಲುಪೇಟೆಯಿಂದ ಘಟ್ಟ ಹತ್ತಿ ಬಂದ ನಮ್ಮಜ್ಜ ಹಾಕಿದ್ದು. ಅಂಗಡಿಯ ಜೊತೆಗೆ ಒಂದು ಹಳೆಯ ಜೀಪು. ಅದನ್ನು ಓಡಿಸುತ್ತಿದ್ದವನು ಬೆಳ್ಳಿ. ಪಕ್ಕದ ಹಟ್ಟಿಯವನು, ಈ ಬೆಟ್ಟದ ಬಡಗ ಜನಾಂಗದವನು, ವಯಸ್ಸು ಮೂವತ್ತು. ಹಟ್ಟಿಗಳಲ್ಲಿ ಕೊಯ್ದ ಟೀ ಎಲೆಯನ್ನು ಅದು ಬಿಸಿಯಾಗಿ ಬಾಡುವ ಮುಂಚೆ ಫ್ಯಾಕ್ಟರಿಗೆ ಮುಟ್ಟಿಸುವುದು ಅವನ ಕೆಲಸ. ಅವನ ಬಡಗ ಮಾತೂ ನನ್ನ ಗುಂಡ್ಲುಪೇಟೆ ಕನ್ನಡವೂ ಆರು ವರ್ಷ ಒಂದೇ ಜೀಪಿನಲ್ಲಿ ಕೂತು ಕುಲುಕಾಡಿ, ಮೂರನೆಯದೊಂದು ಭಾಷೆಯಾಗಿ ಹೋಗಿತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ಬೆಳ್ಳಿ ಎಲೆ ಹಾಕುತ್ತಿದ್ದ ಫ್ಯಾಕ್ಟರಿಯ ಓನರಿಗೆ ಟೀವಿಯಲ್ಲಿ ಕಾರ್ ರೇಸ್ ನೋಡುವ ಹುಚ್ಚು. ಅದು ತಲೆಗೇರಿ ಎಲೆ ಹೊರುವ ಜೀಪುಗಳಿಗೇ ಒಂದು ರೇಸ್ ಇಟ್ಟುಬಿಟ್ಟರು. ಆರು ಜೀಪು, ಮೂರು ಭಾನುವಾರ, ಮೂರು ಸುತ್ತು. ಪ್ರತಿ ಸುತ್ತೂ ಒಂದು ಹಟ್ಟಿಯ ಎಲೆ ಶೆಡ್ಡಿನಿಂದ ಶುರು, ಎಸ್ಟೇಟ್ ರಸ್ತೆಯಲ್ಲಿ ಇಳಿದು ಹತ್ತಿ, ಫ್ಯಾಕ್ಟರಿ ಗೇಟಿನಲ್ಲಿ ಮುಕ್ತಾಯ. ಮೂರೂ ಸುತ್ತಿನ ಅಂಕ ಕೂಡಿಸಿ ಯಾರು ಮುಂದೋ ಅವರಿಗೆ ಒಂದು ಕಪ್ಪು. ಕಪ್ಪಿಗಿಂತ ದೊಡ್ಡದು ಇನ್ನೊಂದಿತ್ತು: ಇಡೀ ವರ್ಷ ನಾಲ್ಕು ಹಟ್ಟಿಗಳ ಎಲೆ ಹೊರುವ ಕೆಲಸ.

ಬೆಳ್ಳಿಗೆ ಅದು ಬೇಕೇ ಬೇಕಿತ್ತು. ಎಲೆಗೆ ಬೆಲೆ ಬಿದ್ದು, ಟ್ರಿಪ್ಪುಗಳು ಕಡಿಮೆಯಾಗಿ, ಜೀಪು ವಾರಕ್ಕೆ ಮೂರು ದಿನ ನನ್ನ ಅಂಗಡಿ ಮುಂದೆ ನಿದ್ದೆ ಹೊಡೆಯುತ್ತಿತ್ತು.

"ಈ ಕೆಲಸ ಸಿಕ್ಕಲಿಲ್ಲ ಅಂದ್ರೆ ಮೇಟ್ಟುಪಾಳ್ಯಕ್ಕೆ ಇಳಿದು ಲಾರಿ ಓಡಿಸಬೇಕು ಅಣ್ಣಾ. ಅವ್ವೆ ಒಬ್ಬಳೇ ಆಗ್ತಾಳೆ. ಆಮೇಲೆ ಆ ಬಿಸಿಲು!" ಅಂದಿದ್ದ. ಬೆಳ್ಳಿಗೆ ಮೇಟ್ಟುಪಾಳ್ಯದ ಹೆಸರು ಕೇಳಿದರೇ ಬೆವರು ಕಿತ್ತುಕೊಳ್ಳುತ್ತಿತ್ತು.

ನಾನು ಅವನ ಹೆಗಲ ಮೇಲೆ ಕೈಯಿಟ್ಟು, "ನಾನಿದ್ದೀನಿ" ಎಂದೆ. ಆ ಕ್ಷಣದಿಂದ ಅವನ ಕಷ್ಟ ಶುರುವಾಯಿತು.

ರೇಸಿಗೆ ನಿಯಮಗಳಿದ್ದವು. ಜೀಪುಗಳು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲಬೇಕು. ಅಂಕದಲ್ಲಿ ಮುಂದಿದ್ದವರು ಸಾಲಿನಲ್ಲೂ ಮುಂದೆ. ಬಾವುಟ ಬೀಳುವ ತನಕ ಇಂಜಿನ್ ಆಫ್. ಬಾವುಟ ಬಿದ್ದ ಮೇಲೆ ಇಬ್ಬರು ಆಳು ಎಂಟು ಮೂಟೆ ಎಲೆ ಹೇರಬೇಕು, ಹೇರಿದ ಮೇಲೆಯೇ ಹೊರಡಬೇಕು. ಕೊನೆಯದಾಗಿ, ಓನರು ಟೀವಿಯಿಂದ ನೇರವಾಗಿ ಇಳಿಸಿಕೊಂಡ ನಿಯಮ: ನಡುವೆ ಇಂಜಿನ್ ಬದಲಾಯಿಸಿದವರು ಸಾಲಿನ ಕಟ್ಟಕಡೆಗೆ ಹೋಗಿ ನಿಲ್ಲಬೇಕು.

ಮೊದಲ ಸುತ್ತು ಬೆಳ್ಳಿ ಗೆದ್ದ. ಎರಡನೆಯದರಲ್ಲಿ ಎರಡನೆಯವನಾಗಿ ಬಂದ. ಎರಡೂ ಕಡೆ ಎಲೆ ಶೆಡ್ಡು ಇಳಿಜಾರಿನ ತಲೆಯ ಮೇಲಿತ್ತು, ನಮ್ಮವರಿಗೆ ಹೇಳಿ ಮಾಡಿಸಿದ ಹಾಗೆ. ಯಾಕೆಂದರೆ ನಮ್ಮ ಕಡೆ ಗಾಡಿ ಸ್ಟಾರ್ಟ್ ಮಾಡುವುದು ಎಂಬ ಮಾತೇ ತಪ್ಪು, ಬಿಡುವುದು ಎನ್ನಬೇಕು. ನಿಲ್ಲಿಸುವಾಗ ಮೂಗು ಇಳಿಜಾರಿಗೆ, ಚಕ್ರಕ್ಕೆ ಒಂದು ಕಲ್ಲು. ಹೊರಡುವಾಗ ಕಲ್ಲು ಒದ್ದು, ಉರುಳಲು ಬಿಟ್ಟು, ಕ್ಲಚ್ ಬಿಟ್ಟರೆ ಇಂಜಿನ್ ಕೆಮ್ಮಿಕೊಂಡು ಎದ್ದೇಳುತ್ತದೆ. ಸಮತಟ್ಟು ಜಾಗ ನಮಗೆ ವಾಲಿಬಾಲ್ ಆಡಲು ಮಾತ್ರ ಬೇಕು. ಅದೂ ಊರಿಗೊಂದು.

ಎರಡು ಸುತ್ತು ಮುಗಿದಾಗ ನಾವು ಮೊದಲು, ಹುಬ್ಬತಲೈ ಹಟ್ಟಿಯ ಜೋಗಿ ಎರಡನೆಯವ. ಕೊನೆಯ ಸುತ್ತನ್ನು ಜೋಗಿ ಗೆದ್ದರೂ ನಾವು ಎರಡನೆಯವರಾಗಿ ಬಂದರೆ ಸಾಕಿತ್ತು, ಪಟ್ಟ ನಮ್ಮದೇ.

"ಇನ್ನೇನು ಚಿಂತೆ ಅಣ್ಣಾ?" ಅಂದ ಬೆಳ್ಳಿ.

ಅವನು ಹಾಗೆ ಕೇಳಬಾರದಿತ್ತು. ಚಿಂತೆ ಏನು ಎಂದು ನನ್ನನ್ನು ಕೇಳುವುದು ಉಪವಾಸದವನನ್ನು ಊಟ ಏನು ಎಂದು ಕೇಳಿದ ಹಾಗೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡುತ್ತಿದ್ದಾಗ ಹೊರಗೆ ಜೀಪಿನ ಸದ್ದು ಕೇಳಿಸಿತು. ಡುರ್‌ರ್ ಎನ್ನುವ ಸದ್ದಿನ ಒಳಗೆ ಇನ್ನೊಂದು ಸದ್ದು. ಟಕ್, ಟಕ್, ಟಕ್. ಮೈಗೆ ಸೋಪು ಹಚ್ಚಿಕೊಂಡೇ, ಟವೆಲ್ ಸುತ್ತಿಕೊಂಡು ಹೊರಗೋಡಿ ಬಂದೆ.

"ಬೆಳ್ಳೀ! ಏನದು ಟಕ್ ಟಕ್?"

"ಅದಾ? ಅದು ಯಾವಾಗಲೂ ಇರೋದೇ ಅಣ್ಣಾ. ನೀವು ಗಾಡಿ ತಗೊಂಡ ದಿನಾನೂ ಇತ್ತು."

"ಆರು ವರ್ಷದಿಂದ ಟಕ್ ಅಂತಿದ್ದರೆ ಇನ್ನೆಷ್ಟು ದಿನ ಅನ್ನುತ್ತೆ? ಕೊನೇ ಸುತ್ತಿನ ನಡುವೆ ಟಕ್ ಅನ್ನೋದು ನಿಂತರೆ?"

"ನಿಂತರೆ ಒಳ್ಳೇದೇ ಅಲ್ವಾ?" ಎಂದಳು ಬಾಗಿಲಲ್ಲಿ ನಿಂತಿದ್ದ ರತ್ನ. "ಮೊದಲು ಒಳಗೆ ಬನ್ನಿ. ಎದುರು ಮನೆಯವರು ನೋಡ್ತಿದ್ದಾರೆ."

ಅಂದಿನಿಂದ ಆ ಸದ್ದು ನನ್ನ ಬೆನ್ನು ಬಿಡಲಿಲ್ಲ. ಅಂಗಡಿಯಲ್ಲಿ ತಕ್ಕಡಿ ಟಕ್ ಅಂದರೆ ಎದೆ ಝಲ್ ಎನ್ನುತ್ತಿತ್ತು. ಒಂದು ಬಿದಿರು ಕೋಲಿನ ತುದಿಯನ್ನು ಇಂಜಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಇಟ್ಟುಕೊಂಡು ಡಾಕ್ಟರ ಹಾಗೆ ಪರೀಕ್ಷೆ ಮಾಡಿದೆ. ಕಿವಿ ಕಪ್ಪಾಯಿತು. ರೋಗ ಗೊತ್ತಾಗಲಿಲ್ಲ.

ಕಡೆಗೆ ಮೆಕ್ಯಾನಿಕ್ ವರ್ಗೀಸನ ಬಳಿ ಹೋದೆ. ಗೂಡಲೂರಿನಿಂದ ಬಂದು ಪೇಟೆಯ ಕೆಳಗೆ ಶೆಡ್ಡು ಹಾಕಿದ್ದವನು. ಆತ ಬಾನೆಟ್ ಎತ್ತಿದ, ಕಣ್ಣು ಮುಚ್ಚಿದ, ಬೀಡಿ ಹಚ್ಚಿದ, ಮುಗಿಸಿದ.

"ಓಡಿಯಾಲ್ ಓಡುಂ" ಎಂದ.

ಓಡಿದರೆ ಓಡುತ್ತದೆ! ಇದಕ್ಕಿಂತ ಸತ್ಯವಾದ ಮಾತನ್ನು ನಾನು ಯಾವ ಸ್ವಾಮಿಗಳ ಬಾಯಲ್ಲೂ ಕೇಳಿಲ್ಲ. ಆದರೆ ನನಗೆ ಬೇಕಾಗಿದ್ದು ಸತ್ಯವಲ್ಲ, ಗ್ಯಾರಂಟಿ.

"ಬದಲಾಯಿಸಿದರೆ?"

"ಬದಲಾಯಿಸಿದರೂ ಓಡುತ್ತೆ ಸ್ವಾಮಣ್ಣ. ಒಳ್ಳೇ ಇಂಜಿನ್ ಇದೆ ನನ್ನ ಹತ್ರ. ಬೋರು, ಪಿಸ್ಟನ್ನು ಎಲ್ಲ ಹೊಸದು. ಹಳೇದು ನನಗೆ ಕೊಟ್ಟುಬಿಡಿ."

ಮನೆಯಲ್ಲಿ ಸಭೆ ಸೇರಿತು. ಗೋಡೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ನಾನು ಎರಡು ದಾರಿಗಳನ್ನು ಬರೆದು ವಿವರಿಸಿದೆ. ಹಳೆಯ ಇಂಜಿನ್ನಾದರೆ ಸಾಲಿನಲ್ಲಿ ಮೊದಲ ಜಾಗ. ಆದರೆ ದಾರಿಯಲ್ಲಿ ಕೈಕೊಡುವ ಅಪಾಯ. ಹೊಸದಾದರೆ ಆರನೇ ಜಾಗ. ಆದರೆ ಅಪಾಯವಿಲ್ಲ, ನಾಲ್ಕು ಜೀಪು ಹಿಂದೆ ಹಾಕಿದರೆ ಮುಗಿಯಿತು.

"ಬೇಡ ಅಣ್ಣಾ," ಎಂದ ಬೆಳ್ಳಿ. "ಆ ಇಂಜಿನ್ನಿನ ಬುದ್ಧಿ ನನಗೆ ಗೊತ್ತು. ಹೊಸದರ ಬುದ್ಧಿ ಗೊತ್ತಿಲ್ಲೆ."

"ಬೀಗರ ಮನೆಗೆ ಹೋಗೋ ದಿನ ಯಾರಾದರೂ ಹೊಸ ಚಪ್ಪಲಿ ಹಾಕ್ಕೊಂಡು ಹೋಗ್ತಾರೇನ್ರೀ? ಕಚ್ಚಲ್ವಾ?" ಎಂದಳು ರತ್ನ.

"ಇದು ಚಪ್ಪಲಿಯಲ್ಲ, ತಂತ್ರ!" ಎಂದೆ ಗಂಭೀರವಾಗಿ.

"ಯಾರಿಗೆ ಬೇಕಿದೆ ನೋಡ್ಕೊಳ್ಳಿ. ಮೇಟ್ಟುಪಾಳ್ಯಕ್ಕೆ ಹೋಗಬೇಕಾಗಿರೋನು ಅವನು, ನೀವಲ್ಲ."

ಅವಳ ಮಾತು ನನಗೆ ತಟ್ಟಿತು. ಬೆಳ್ಳಿಯ ಬದುಕೇ ನನ್ನ ಕೈಯಲ್ಲಿರುವಾಗ ಟಕ್ ಎನ್ನುವ ಇಂಜಿನ್ನನ್ನು ನಂಬುವುದೇ? ಇಂಥ ಕಡೆ ನಾನು ಎಂದೂ ಹಿಂಜರಿದವನಲ್ಲ. ಬದಲಾಯಿಸಿದೆ!

ಫ್ಯಾಕ್ಟರಿ ಓನರಿಗೆ ವಿಷಯ ತಿಳಿಸಿದಾಗ ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎದ್ದು ನಿಂತು ನನ್ನ ಕೈ ಕುಲುಕಿದರು. "ಸ್ವಾಮಣ್ಣ, ಟೀವಿಯಲ್ಲೂ ಹೀಗೇ ಮಾಡ್ತಾರೆ. ಸ್ಟ್ರಾಟಜಿ! ಈ ರೇಸು ಇಷ್ಟು ಬೇಗ ಈ ಮಟ್ಟಕ್ಕೆ ಬರುತ್ತೆ ಅಂದ್ಕೊಂಡಿರಲಿಲ್ಲ" ಎಂದು ಕಪ್ಪು ಹಲಗೆಯಲ್ಲಿ ಒಂದನೇ ಸಾಲಿನಲ್ಲಿದ್ದ ನಮ್ಮ ಹೆಸರು ಒರೆಸಿ, ಆರನೇ ಸಾಲಿನಲ್ಲಿ ಬರೆದರು. ದಪ್ಪಕ್ಷರದಲ್ಲಿ.

ವರ್ಗೀಸ್ ಹಳೆಯ ಇಂಜಿನ್ನನ್ನು ಸರಪಣಿ ಹಾಕಿ ಎತ್ತುತ್ತಿದ್ದಾಗ ನಾನು ಪಕ್ಕದಲ್ಲೇ ನಿಂತು, ಒಂದೊಂದು ಭಾಗವನ್ನೂ ಕಾಗದದಲ್ಲಿ ಗುರುತು ಹಾಕಿಕೊಂಡೆ. ರೇಡಿಯೇಟರ್ ಪೈಪು ಹೊಸದು. ಫ್ಯಾನ್ ಬೆಲ್ಟು ಹೊಸದು, ಅದಕ್ಕೊಂದು ಬದಲಿ ಬೆಲ್ಟೂ ಹೊಸದು. ಕೀಲಿ ತಿರುಗಿಸಿದಾಗ ಇಂಜಿನ್ನನ್ನು ಎಬ್ಬಿಸುವ ಪುಟ್ಟ ಮೋಟಾರು ಇರುತ್ತದಲ್ಲ, ನಾವು ಸೆಲ್ಫ್ ಅನ್ನುವುದು, ಅದನ್ನು ಎತ್ತಿ ತೋರಿಸಿ ವರ್ಗೀಸ್ ಕೇಳಿದ: "ಸೆಲ್ಫ್ ಹೊಸದು ಹಾಕಲಾ, ಹಳೇದೇ ಕೂರಿಸಲಾ?"

"ಹಳೇದೇ ಇರಲಿ," ಎಂದೆ. "ಆರು ವರ್ಷದಲ್ಲಿ ಒಂದು ದಿನವೂ ತೊಂದರೆ ಕೊಟ್ಟಿಲ್ಲ!"

ಬೆಳ್ಳಿಯೂ ತಲೆಯಾಡಿಸಿದ. ನಿಜವಾಗಿಯೂ ತೊಂದರೆ ಕೊಟ್ಟಿರಲಿಲ್ಲ.

ಹೊಸ ಇಂಜಿನ್ನು ಬಿಗಿಯಾಗಿರುತ್ತದೆ, ರೇಸಿಗೆ ಮುಂಚೆ ಎರಡು ದಿನ ಮೆಲ್ಲಗೆ ಓಡಿಸಿ ಸಡಿಲ ಮಾಡಬೇಕು ಎಂದ ವರ್ಗೀಸ್. ಆ ಜವಾಬ್ದಾರಿಯನ್ನು ಬೆಳ್ಳಿಗೂ ಬಿಡದೆ ನಾನೇ ವಹಿಸಿಕೊಂಡೆ. ಮೆಲ್ಲಗೆ ಎಂದರೆ ಎಷ್ಟು ಮೆಲ್ಲಗೆ ಎಂದು ಅವನು ಹೇಳಿರಲಿಲ್ಲ. ಕೋಡನಾಡು ರಸ್ತೆಯಲ್ಲಿ ನಾನು ಹೋಗುತ್ತಿದ್ದರೆ ಎಲೆ ಕೊಯ್ಯುವ ಹೆಂಗಸರು ಬುಟ್ಟಿ ಹೊತ್ತುಕೊಂಡು ನನ್ನ ಪಕ್ಕದಲ್ಲೇ ನಡೆಯುತ್ತಾ ರತ್ನಳ ಆರೋಗ್ಯ ವಿಚಾರಿಸಿ, ಉತ್ತರ ಕೇಳಿಸಿಕೊಂಡು, ಮುಂದಕ್ಕೆ ಹೋಗುತ್ತಿದ್ದರು. ಹಿಂದೆ ಎರಡು ಬಸ್ಸು, ಒಂದು ತರಕಾರಿ ಲಾರಿ, ಒಂದು ಮದುವೆ ವ್ಯಾನು.

ಬಸ್ಸಿನ ಕಂಡಕ್ಟರ್ ಇಳಿದು ನಡೆದು ಬಂದು ಕಿಟಕಿಯಲ್ಲಿ ತಲೆ ಹಾಕಿದ. "ಎನ್ನ ಸಾರ್, ಸಾಮಿ ಊರ್ವಲಮಾ?"

ದೇವರ ಮೆರವಣಿಗೆಯಾ ಎಂದು ಕೇಳುತ್ತಿದ್ದಾನೆ! "ಹೊಸ ಇಂಜಿನ್ನು," ಎಂದೆ ವಿನಯದಿಂದ.

"ಓ, ಹೊಸ ಮದುಮಗಳಾ? ಹಾಗಾದರೆ ಹಿಂದೆ ಮದುವೆ ವ್ಯಾನೂ ಇದೆ. ಹೋಗಿ ಸಾರ್, ನಿಧಾನವಾಗಿ ಹೋಗಿ!" ಎಂದು ಅವನು ನಡೆದೇ ಮುಂದಿನ ಸ್ಟಾಪಿಗೆ ಹೋದ.

ಎರಡು ದಿನವೂ ಎಲ್ಲಿ ನಿಲ್ಲಿಸಿದರೂ ಮೂಗು ಇಳಿಜಾರಿಗೆ, ಚಕ್ರಕ್ಕೆ ಕಲ್ಲು. ಎರಡು ದಿನವೂ ಇಂಜಿನ್ನು ಹೂವಿನ ಹಾಗೆ ಎದ್ದಿತು. ಟಕ್ ಎಂಬ ಸದ್ದು ಹುಡುಕಿದರೂ ಇಲ್ಲ. ಆರನೇ ಜಾಗ ಹೇಗಿದೆ ಎಂದು ಶನಿವಾರವೇ ಹೋಗಿ ನೋಡಿಯೂ ಬಂದೆ. ನಾನು ಬಿಡುವವನೇ? ಕೊನೆಯ ಸುತ್ತು ಶುರುವಾಗುವ ಹಟ್ಟಿಯಲ್ಲಿ ಶೆಡ್ಡಿನ ಮುಂದೆ ಒಂದು ಅಂಗಳ, ಅದರ ತುದಿಯಿಂದ ರಸ್ತೆ ಕೆಳಗಿಳಿಯುತ್ತದೆ. ಮುಂದಿನ ಐದು ಜೀಪು ಇಳಿಜಾರಿನಲ್ಲಿ ತಲೆ ಕೆಳಗೆ ಮಾಡಿ ನಿಲ್ಲಬೇಕು. ಆರನೆಯದಕ್ಕೆ ಮಾತ್ರ ಅಂಗಳದ ನಟ್ಟನಡುವೆ, ವಾಲಿಬಾಲ್ ಕಂಬದ ಪಕ್ಕದಲ್ಲಿ, ಅಂಗೈಯಂಥ ಸಮತಟ್ಟು ನೆಲ.

ಮನೆಗೆ ಬಂದು ಹೆಮ್ಮೆಯಿಂದ ವರದಿ ಒಪ್ಪಿಸಿದೆ. "ನಮ್ಮದೇ ಒಳ್ಳೇ ಜಾಗ. ಗಾಡಿ ಉರುಳಿ ಹೋಗೋ ಭಯವಿಲ್ಲ. ಕಲ್ಲು ಕೂಡ ಬೇಡ!"

ಭಾನುವಾರ ಮಂಜು ಕರಗುವ ಹೊತ್ತಿಗೆ ಹಟ್ಟಿಗೆ ಹಟ್ಟಿಯೇ ನೆರೆದಿತ್ತು. ಬೆಳ್ಳಿಯ ಅವ್ವೆ ಬಿಳಿ ಸೀರೆ ಹೊದ್ದು ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದಳು. ಜೋಗಿ ಈಗ ಮೊದಲ ಜಾಗದಲ್ಲಿದ್ದ. ಹಿಂದಿರುಗಿ ನೋಡಿ ನನಗೆ ಕೈಮುಗಿದ. ಆ ನಮಸ್ಕಾರದ ಅರ್ಥ ನನಗೆ ಆಗ ಆಗಲಿಲ್ಲ.

ಓನರು ಬಾವುಟ ಇಳಿಸಿದರು. ಆಳುಗಳು ಮೂಟೆ ಎತ್ತಿ ಎಸೆದರು. ನಮ್ಮ ಎಂಟು ಮೂಟೆಯೇ ಎಲ್ಲರಿಗಿಂತ ಮೊದಲು ಬಿತ್ತು. ಅದಕ್ಕೂ ನಾನು ಮೂರು ದಿನ ತಾಲೀಮು ಕೊಡಿಸಿದ್ದೆ! ಮುಂದೆ ಐದು ಕಲ್ಲುಗಳು ಒದೆ ತಿಂದವು. ಐದು ಜೀಪು ಉರುಳಿದವು, ಕೆಮ್ಮಿದವು, ಹೊಗೆ ಬಿಟ್ಟವು, ತಿರುವಿನಲ್ಲಿ ಮಾಯವಾದವು.

ಬೆಳ್ಳಿ ಬ್ರೇಕ್ ಬಿಟ್ಟ. ಜೀಪು ಅಲ್ಲಾಡಲಿಲ್ಲ.

ಇನ್ನೊಮ್ಮೆ ಬಿಟ್ಟ. ಜೀಪು ಅಲ್ಲೇ ನಿಂತು ಸುತ್ತಲಿನ ದೃಶ್ಯ ನೋಡುತ್ತಿತ್ತು.

"ಕೀಲಿ! ಕೀಲಿ ತಿರುಗಿಸು!" ಎಂದು ಕೂಗಿದೆ.

ತಿರುಗಿಸಿದ. ಟಿಕ್.

ಮತ್ತೆ ತಿರುಗಿಸಿದ. ಟಿಕ್.

ಹಿಂದಿನ ಇಂಜಿನ್ನು ಟಕ್ ಟಕ್ ಎಂದಾದರೂ ಅನ್ನುತ್ತಿತ್ತು. ಇದು ಟಿಕ್ ಎಂದು ಒಮ್ಮೆ ಅಂದು, ತನ್ನ ಮಾತು ಮುಗಿಯಿತು ಎಂಬಂತೆ ಸುಮ್ಮನಾಗುತ್ತಿತ್ತು. ಬೆಳ್ಳಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅಣ್ಣಾ, ಸೆಲ್ಫ್ ಸತ್ತಿದೆ."

"ಸಾಧ್ಯವೇ ಇಲ್ಲ! ಆರು ವರ್ಷದಿಂದ ತೊಂದರೆ ಕೊಟ್ಟಿಲ್ಲ ಅದು!"

"ಆರು ವರ್ಷದಿಂದ ಅದನ್ನ ಮುಟ್ಟಿದವರು ಯಾರು ಅಣ್ಣಾ?"

ಆ ಅಂಗಳದಲ್ಲಿ, ಅಷ್ಟು ಜನರ ನಡುವೆ, ನನಗೆ ಜ್ಞಾನೋದಯವಾಯಿತು. ಬೆಟ್ಟದ ತುಂಬ ಇಳಿಜಾರೇ ಇರುವ ಈ ಜಿಲ್ಲೆಯಲ್ಲಿ ಆಲೋಚಿಸಿ, ಲೆಕ್ಕ ಹಾಕಿ, ಓನರಿಂದ ಕೈ ಕುಲುಕಿಸಿಕೊಂಡು, ನಾನು ಇರುವ ಒಂದೇ ಒಂದು ಸಮತಟ್ಟು ಜಾಗವನ್ನು ಸಂಪಾದಿಸಿಕೊಂಡಿದ್ದೆ.

"ತಳ್ಳಿ!" ಎಂದು ಕಿರುಚಿದೆ.

ಇಬ್ಬರು ಆಳು, ನಾನು, ಸೆರಗು ಬಿಗಿದು ರತ್ನ, ಎಲೆ ತೂಗುವವನು, ಕಡೆಗೆ ಬೆಳ್ಳಿಯ ಅವ್ವೆಯೂ ಕಟ್ಟೆಯಿಂದ ಇಳಿದು ಬಂದು ಕೈಹಾಕಿದಳು. ಹಳೆಯ ಸಡಿಲ ಇಂಜಿನ್ನಾಗಿದ್ದರೆ ನಾಲ್ಕು ಹೆಜ್ಜೆ ತಳ್ಳಿದರೆ ಏಳುತ್ತಿತ್ತು. ಇದು ಹೊಸದು, ಬಿಗಿ! ಬೆಳ್ಳಿ ಕ್ಲಚ್ ಬಿಟ್ಟ ಕೂಡಲೇ ಚಕ್ರಗಳು ತಿರುಗುವುದನ್ನೇ ನಿಲ್ಲಿಸಿ, ಚೆಲ್ಲಿದ ಎಲೆಯ ಮೇಲೆ ಜಾರಿದವು. ಎಲೆಯ ಮೇಲೆ ನಾನೂ ಜಾರಿದೆ.

"ಮೆಲ್ಲಗೆ ಓಡಿಸಿ ಸಡಿಲ ಮಾಡಿದ್ರಲ್ಲ, ಯಾವ ಭಾಗ ಸಡಿಲ ಆಗಿದ್ದು?" ಎಂದಳು ರತ್ನ, ತಳ್ಳುತ್ತಲೇ.

ಅಂತೂ ಜೀಪು ಅಂಗಳದ ಅಂಚು ಮುಟ್ಟಿತು. ಮೂಗು ಇಳಿಜಾರಿಗೆ ಬಾಗಿತು. ಆಮೇಲೆ ಬೇರೆಯವರ ಸಹಾಯ ಬೇಕಾಗಲಿಲ್ಲ. ಒಂದೇ ಗುಟುರಿಗೆ ಎದ್ದು, ಹಿಂದೆ ಇನ್ನೂ ತಳ್ಳುತ್ತಿದ್ದ ನನ್ನನ್ನು ಬಿಟ್ಟು ಹೊರಟೇ ಹೋಯಿತು. ತಳ್ಳಲು ಜೀಪು ಇಲ್ಲದಿದ್ದರೂ ನಾನು ನಾಲ್ಕು ಹೆಜ್ಜೆ ಗಾಳಿಯನ್ನು ತಳ್ಳಿಕೊಂಡು ಹೋಗಿ, ಮಿಕ್ಕಿದ್ದ ಒಂದು ಎಲೆ ಮೂಟೆಯ ಮೇಲೆ ಮುಖ ಕೆಳಗಾಗಿ ಬಿದ್ದೆ. ಎಲೆ ಚೆನ್ನಾಗಿತ್ತು. ಎಳೆಯದು.

ಹೊಸ ಇಂಜಿನ್ನು ಅದ್ಭುತವಾಗಿ ಓಡಿತು. ಇದನ್ನು ನಾನಷ್ಟೇ ಹೇಳುತ್ತಿಲ್ಲ, ಜೋಗಿಯೂ ಹೇಳುತ್ತಾನೆ. ಅಷ್ಟು ಹಿಂದೆ ಬಿದ್ದ ಬೆಳ್ಳಿ ತಿರುವಿಗೊಬ್ಬರಂತೆ ಮೂವರನ್ನು ಹಿಂದೆ ಹಾಕಿ, ಫ್ಯಾಕ್ಟರಿ ಗೇಟಿನಲ್ಲಿ ಎರಡನೆಯ ಜೀಪಿನ ಬಾಲಕ್ಕೆ ತನ್ನ ಬಂಪರ್ ತಾಗಿಸಿಕೊಂಡೇ ಬಂದನಂತೆ. ತಾಗಿಸಿದ, ದಾಟಲಿಲ್ಲ. ಜೋಗಿ ಮೊದಲನೆಯವ, ಬೆಳ್ಳಿ ಮೂರನೆಯವ. ಕಪ್ಪೂ ನಾಲ್ಕು ಹಟ್ಟಿಗಳ ಎಲೆಯೂ ಹುಬ್ಬತಲೈಗೆ ಹೋದವು.

ನಾನು ಗೇಟಿನ ಬಳಿ ಹೋದಾಗ ಬೆಳ್ಳಿ ಜೀಪಿನ ಮೂಗನ್ನು ಇಳಿಜಾರಿಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ನನ್ನ ಕೂದಲಿನಿಂದ ಒಂದು ಟೀ ಎಲೆ ತೆಗೆದು ನನ್ನ ಕೈಗೆ ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಬೆಳ್ಳಿ ಮೇಟ್ಟುಪಾಳ್ಯಕ್ಕೆ ಇಳಿಯಲಿಲ್ಲ. ಅದರಲ್ಲಿ ನನ್ನ ಪಾತ್ರವೇನೂ ಇಲ್ಲ. ನಾಲ್ಕು ಹಟ್ಟಿಗಳ ಎಲೆ ಒಂದು ಜೀಪಿಗೆ ಹೆಚ್ಚಾಗಿ, ಜೋಗಿ ಎರಡನೆಯದೊಂದು ಜೀಪು ಹುಡುಕಿದ. ಬಾಡಿ ಸಿಕ್ಕಿತು, ಇಂಜಿನ್ ಇರಲಿಲ್ಲ. ವರ್ಗೀಸನ ಶೆಡ್ಡಿನಲ್ಲಿ ಒಂದು ಇಂಜಿನ್ನಿತ್ತು. ಅದರ ಬುದ್ಧಿ ತಿಳಿದ ಡ್ರೈವರು ಬೇಕಲ್ಲ? ಬೆಳ್ಳಿಯನ್ನೇ ಕರೆದ.

ಮೂರು ವರ್ಷವಾಯಿತು. ದಿನಾ ಬೆಳಿಗ್ಗೆ ನಾನು ಸ್ನಾನ ಮಾಡುವ ಹೊತ್ತಿಗೆ ಆ ಜೀಪು ನಮ್ಮ ಮನೆ ಮುಂದೆ ಹಾದುಹೋಗುತ್ತದೆ. ಟಕ್, ಟಕ್, ಟಕ್. "ಇದು ಹೆಚ್ಚು ದಿನ ಬರಲ್ಲ ಕಣೇ" ಎಂದು ನಾನು ಒಳಗಿನಿಂದ ಹೇಳುತ್ತೇನೆ. "ಹೌದು, ಮೂರು ವರ್ಷದಿಂದ ಬರ್ತಿಲ್ಲ" ಎನ್ನುತ್ತಾಳೆ ರತ್ನ ಅಡಿಗೆಮನೆಯಿಂದ.

ಪಾಠ ಕಲಿಯದವನಲ್ಲ ನಾನು. ರೇಸಿನ ಮರುದಿನವೇ ಹೊಚ್ಚಹೊಸ ಸೆಲ್ಫ್ ಹಾಕಿಸಿದೆ. ಮನೆ ಪಕ್ಕದಲ್ಲಿ ಮಣ್ಣು ಕಡಿಸಿ, ಜೀಪಿಗೆಂದೇ ಒಂದು ಸಮತಟ್ಟು ಜಾಗ ಮಾಡಿಸಿದೆ. ಇನ್ನು ಕಲ್ಲಿನ ಹಂಗು ಯಾಕೆ?

ಹೋದ ತಿಂಗಳು ಮಂಜೂರಿನಲ್ಲಿ ರತ್ನಳ ತಂಗಿಯ ಮಗಳ ಮದುವೆ. ರೇಷ್ಮೆ ಸೀರೆಯುಟ್ಟು ಅವಳು, ಪಂಚೆಯುಟ್ಟು ನಾನು, ಜೀಪು ಹತ್ತಿದೆವು. ಸ್ಟೆಪ್ನಿ ಇದೆ, ಫ್ಯಾನ್ ಬೆಲ್ಟಿದೆ, ಬದಲಿ ಬೆಲ್ಟಿದೆ, ಪಿನ್ನಿದೆ. ಸಮಾಧಾನದಿಂದ ಕೀಲಿ ತಿರುಗಿಸಿದೆ.

ಟಿಕ್ ಎಂದೂ ಅನ್ನಲಿಲ್ಲ.

ಬ್ಯಾಟರಿ! ಅದರ ಯೋಚನೆ ಬಂದಿರಲೇ ಇಲ್ಲ. ಅದೂ ಎಂದೂ ತೊಂದರೆ ಕೊಟ್ಟಿರಲಿಲ್ಲ.

ರತ್ನ ಬ್ಯಾಗಿನಿಂದ ಮೊಬೈಲ್ ತೆಗೆದು ಯಾರಿಗೋ ಫೋನ್ ಮಾಡಿದಳು. ಕಾಲು ಗಂಟೆಯಲ್ಲಿ ರಸ್ತೆಯ ತಿರುವಿನಿಂದ ಆ ಸದ್ದು ಬಂತು. ಟಕ್, ಟಕ್, ಟಕ್. ನಮ್ಮ ಮನೆ ಮುಂದೆ ಬಂದು ನಿಂತೇಬಿಟ್ಟಿತು! ಮೂರು ವರ್ಷ ಕಾದಿದ್ದ ಗಳಿಗೆ. ನಾನು ಪಂಚೆ ಎತ್ತಿಕೊಂಡು ಓಡಿದೆ.

"ಹೋಯ್ತಾ ಬೆಳ್ಳಿ? ಕಡೆಗೂ ಇಂಜಿನ್ ಹೋಯ್ತಾ? ನಾನು ಅವತ್ತೇ ಹೇಳಿದ್ದೆ!"

"ಇಲ್ಲೆ ಅಣ್ಣಾ," ಎಂದ ಬೆಳ್ಳಿ, ಸೀಟಿನ ಕೆಳಗಿನಿಂದ ಹಗ್ಗ ಎಳೆಯುತ್ತಾ. "ನಿಮ್ಮ ಗಾಡಿ ಎಳೀಬೇಕು ಅಂತ ಅಕ್ಕ ಕರೆದ್ರು."

ರತ್ನ ಸೀರೆಯ ನೆರಿಗೆ ಸರಿಮಾಡಿಕೊಂಡು ಮುಂದಿನ ಜೀಪಿಗೆ ಹೋಗಿ ಬೆಳ್ಳಿಯ ಪಕ್ಕದಲ್ಲಿ ಕೂತಳು. ನಾನು ಹಿಂದಿನ ಜೀಪಿನಲ್ಲಿ ಒಬ್ಬನೇ ಕೂತು ಸ್ಟೇರಿಂಗ್ ಹಿಡಿದೆ. ಹಗ್ಗ ಬಿಗಿಯಾಯಿತು. ಮುಂದೆ ಹಳೆಯ ಇಂಜಿನ್ನು ಹೊಗೆ ಬಿಡುತ್ತಾ ಟಕ್ ಟಕ್ ಎಂದು ಬೆಟ್ಟ ಹತ್ತತೊಡಗಿತು. ಅದರ ಹಿಂದೆ, ಕೊನೆಯ ಜಾಗದಲ್ಲಿ, ಹೊಚ್ಚಹೊಸ ಸೆಲ್ಫಿನ ಜೊತೆ ನಾನು. ಎದುರು ಮನೆಯವರು ಕೈಬೀಸಿದರು.

ಇಂಜಿನ್ನಿನ ಚಿಂತೆಯನ್ನು ನಾನು ಅಂದೇ ಬಿಟ್ಟೆ. ಹಗ್ಗದ ಬಗ್ಗೆ ಮಾತ್ರ ಸ್ವಲ್ಪ ಭಯವಾಯಿತು.